ಆರಾಮಿಲ್ಲದವಳನ್ನು ನೋಡಲು ಬಂದ ಹನ್ನೊಂದು ಮಂದಿ

ಇಂಡಿ ಪಟ್ಟಣದ ಪದವಿ ಕಾಲೇಜೊಂದಕ್ಕೆ ಪ್ರತಿ ಬುಧವಾರ ಆಪ್ತಸಮಾಲೋಚಕಿ ಸುನಂದಾ ಬರುತ್ತಾರೆ. ಎರಡು ತಿಂಗಳಾದರೂ ಅವರ ಕೋಣೆಗೆ ಯಾವ ವಿದ್ಯಾರ್ಥಿಯೂ ಕಾಲಿಟ್ಟಿರಲಿಲ್ಲ. ಮೊದಲು ಬಂದವಳು ಬಿ.ಎಸ್ಸಿ. ಎರಡನೆಯ ವರ್ಷದ ಗುಲನಾಜ. ಕಿರುಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಕಂಡೊಡನೆ ಓದಿದ್ದೆಲ್ಲ ಮರೆತು, ಖಾಲಿ ಹಾಳೆ ಕೊಟ್ಟು ಎದ್ದು ಬಂದಿದ್ದಳು. ಮುಖ್ಯ ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬಾಗಿಲಲ್ಲಿ ಜವಾನ ದಸ್ತಗೀರಸಾಬ ಅರ್ಜಿ ತುಂಬಿಸಿಕೊಂಡ. ಅದರಲ್ಲಿ ಪಾಲಕರ ಮೊಬೈಲ್ ನಂಬರ್ ಕೇಳಿತ್ತು. ಅವಳು ಒಳಗೆ ಹೋಗುತ್ತಲೇ ಆತ ಆ ನಂಬರಿಗೆ ಫೋನ್ ಮಾಡಿದ: "ನಿಮ್ಮ ಹುಡುಗಿಗೆ ಆರಾಮಿಲ್ರಿ. ಮೇಡಂ ನೋಡಾಕತ್ತಾರ."

ಗುಲನಾಜ ಮುಕ್ಕಾಲು ಗಂಟೆ ಹಾಸ್ಟೆಲ್ಲಿನ ಸಾರಿನ ಬಗ್ಗೆಯೇ ಮಾತಾಡಿದಳು. ವಿಷಯಕ್ಕೆ ಬರುವಷ್ಟರಲ್ಲಿ ಅವಳ ಊರು ಅಗರಖೇಡದಿಂದ ಟಂಟಂ ಆಟೋ ಬಂದು ನಿಂತಿತು. ಈ ಭಾಗದಲ್ಲಿ ಆರಾಮಿಲ್ಲದವರನ್ನು ನೋಡಲು ಯಾರೂ ಒಬ್ಬರೇ ಹೋಗುವುದಿಲ್ಲ, ಬರಿಗೈಯಲ್ಲೂ ಹೋಗುವುದಿಲ್ಲ. ಅಪ್ಪ ಕಾಸಿಂಸಾಬ, ಅಜ್ಜಿ ಮಾಬುಬಿ, ಕಾಕಾ ಯುನೂಸ ಮತ್ತು ಎಂಟು ಮಂದಿ ನೆರೆಯವರು ಇಳಿದರು. ಜೊತೆಗೆ ಆರು ಎಳನೀರು, ನಾಲ್ಕು ಬ್ರೆಡ್ಡು.

"ಯಾರು ಫೋನ್ ಮಾಡಂದ್ರು ನಿಮಗ?" ಸುನಂದಾ ಜವಾನನನ್ನು ಕೇಳಿದರು.

"ಫೋನ್ ಮಾಡೂದಿಲ್ಲಂದ್ರ ನಂಬರ್ ಯಾಕ ಬರಸ್ಕೋತೀರಿ?" ಎಂದ ದಸ್ತಗೀರಸಾಬ.

ಮಾಬುಬಿ ಮೊಮ್ಮಗಳ ಹಣೆ ಮುಟ್ಟಿದಳು. "ಜ್ವರ ಇಲ್ಲಲ್ಲ! ಎಲ್ಲಿ ನೋಯ್ತೈತಿ?"

"ಎಲ್ಲೂ ಇಲ್ಲ ದಾದಿ," ಎಂದಳು ಗುಲನಾಜ ಅಜ್ಜಿಗೆ.

ನೆರೆಯವಳೊಬ್ಬಳು ಮೇಜಿನ ಮೇಲಿಟ್ಟ ಬ್ರೆಡ್ಡನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು.

ಎಲ್ಲರನ್ನೂ ಹೊರಗೆ ಕಳಿಸಲು ಸುನಂದಾ ಎದ್ದರು. ಗುಲನಾಜ ತಡೆದಳು. "ಇರ್ಲಿ ಬಿಡ್ರಿ ಮೇಡಂ. ಒಮ್ಮೆಲೇ ಹೇಳಿಬಿಡ್ತೇನಿ. ಹನ್ನೊಂದು ಸಲ ಹೇಳಾಕ ನನ್ನ ಕಡೆ ಆಗೂದಿಲ್ಲ." ಓದಿದ್ದು ಮರೆತದ್ದು, ಖಾಲಿ ಹಾಳೆ, ನಿದ್ದೆ ಬಾರದ್ದು, ಎಲ್ಲವನ್ನೂ ಹೇಳಿದಳು.

"ನನಗ್ಯಾಕ ಹೇಳ್ಲಿಲ್ಲ?" ಕಾಸಿಂಸಾಬನ ದನಿ ಇಳಿದಿತ್ತು.

"ಹೆಂಗ ಹೇಳ್ಲಿ ಅಬ್ಬಾ? ಮಗಳು ಕಾಲೇಜಿಗೇ ಫಸ್ಟ್ ಬರ್ತಾಳಂತ ಊರಿಗೆಲ್ಲ ಹೇಳೀರಿ."

"ಊರಿಗೆಲ್ಲ ಎಲ್ಲಿ ಹೇಳೇನಿ?"

"ನನಗ ಎರಡು ಸಲ ಹೇಳಿದಿ," ಎಂದ ಯುನೂಸ.

"ನನಗ ಹಿಟ್ಟಿನ ಗಿರಣ್ಯಾಗ ಹೇಳಿದ್ರಿ," ಎಂದಳು ಬ್ರೆಡ್ಡಿನವಳು.

"ನಾ ಹೆತ್ತಾಕಿ, ನನಗ ದಿನಾ ಹೇಳ್ತಾನ," ಎಂದಳು ಮಾಬುಬಿ.

ಗುಲನಾಜಳಿಗೆ ನಗು ತಡೆಯಲಾಗಲಿಲ್ಲ. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಕಾಸಿಂಸಾಬ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹಂಗಾರ ಊರಾಗ ಕೇಳಿದ್ರ ನಾ ಏನ ಹೇಳ್ಲವ್ವಾ?"

"ಪರೀಕ್ಷಾ ಬರೀತಾಳ ಅನ್ರಿ," ಎಂದಳು ಗುಲನಾಜ.

"ಬರೀತಾಳ. ಮುಂದ?"

"ಮುಂದೇನಿಲ್ಲ ಅಬ್ಬಾ. ಅಷ್ಟ."

"ಅಷ್ಟ," ಎಂದು ಕಾಸಿಂಸಾಬ ಒಪ್ಪಿದ. ಮತ್ತೆ ಫಸ್ಟಿನ ಮಾತು ಬಾಯಿಗೆ ಬರುವುದರೊಳಗೆ ಮಾಬುಬಿ ಅವನ ತೋಳು ಹಿಡಿದು ಹೊರಗೆ ನಡೆಸಿದಳು.