ಕೊಂಬಿರುವ ನರಿ

ಜಿಂಕೆ ಬೇಟೆಯ ಮೊದಲ ದಿನ ಡೋರೀನ್ ಹಾಲುಪ್ಕಾ ಕಾಡಿನಿಂದ ಇಳಿದು ಬರುವಷ್ಟರಲ್ಲಿ ಅವಳ ಚೀಲ ಬೇಟೆಮನೆಯ ಜಗಲಿಯ ಮೇಲೆ ಬಿದ್ದಿತ್ತು. ಬೆಳಿಗ್ಗೆ ಅದನ್ನು ಒಳಗೆ ಅಪ್ಪನ ಮಂಚದ ಮೇಲಿಟ್ಟು ಹೋಗಿದ್ದಳು. ಯಾರ ಕೆಲಸವೆಂದು ಕೇಳುವ ಅಗತ್ಯವೇ ಇರಲಿಲ್ಲ. ಕ್ಯಾಲ್ವಿನ್ ರುಡ್ನಿಕ್ ಬೇಟೆಗಾರರ ಸಂಘದ ಅಧ್ಯಕ್ಷನಾದಾಗಿನಿಂದ ಬಾಯಲ್ಲಿ ಹೇಳಬೇಕಾದ್ದನ್ನು ಕೈಯಲ್ಲಿ ಮಾಡಿ ತೋರಿಸುವ ಚಾಳಿ ಬೆಳೆಸಿಕೊಂಡಿದ್ದ.

ಅವನ ಸಿಟ್ಟಿಗೆ ಕಾರಣ ಹೋದ ವಾರದ ಸಭೆ. ಕರಿ ಕೋವಿಗಳನ್ನು, ಅಂದರೆ ಸೈನ್ಯದ ಮಾದರಿಯ ರೈಫಲ್‌ಗಳನ್ನು, ನಿಷೇಧಿಸಬೇಕೆಂಬ ಮಸೂದೆಯ ಮೇಲೆ ಪೇಟೆಯಲ್ಲಿ ಜನರ ಅಭಿಪ್ರಾಯ ಕೇಳಲು ಕರೆದ ಸಭೆ ಅದು. ಸಂಘದ ಪರವಾಗಿ ಮಾತಾಡಲು ಡೋರೀನಳೇ ಸರಿ ಎಂದು ಎಲ್ಲರೂ ಒಪ್ಪಿದ್ದರು. ಹೆಂಗಸು, ಮೇಲಾಗಿ ಇರಾಕಿನಲ್ಲಿ ಸೈನ್ಯದ ಲಾರಿ ಓಡಿಸಿ ಬಂದವಳು. ಇವಳ ಬಾಯಿ ಮುಚ್ಚಿಸುವ ಗಂಡು ಯಾರಿದ್ದಾನೆ? ಕ್ಯಾಲ್ವಿನ್ ಗಿಳಿಗೆ ಹೇಳಿಕೊಟ್ಟಂತೆ ಹೇಳಿಕೊಟ್ಟಿದ್ದ. ಎದುರಿನವರು 'ದಾಳಿ ರೈಫಲ್' ಅಂತಾರೆ, ನೀನು 'ಕ್ರೀಡಾ ರೈಫಲ್' ಅನ್ನು, ಅಷ್ಟೇ, ಬೇರೆ ಮಾತೇ ಬೇಡ ಎಂದು.

ಡೋರೀನ್ ಎದ್ದು ನಿಂತು ಬೇರೆ ಮಾತೇ ಆಡಿದಳು.

"ನನ್ನ ಕೋವಿ ನಾನು ಕೊಡಲ್ಲ. ಅದು ನನ್ನ ಹಕ್ಕು. ಆದ್ರೆ ಅದು ಆಟದ ಸಾಮಾನು ಅಂತ ನಿಮ್ಮ ಮುಂದೆ ಸುಳ್ಳೂ ಹೇಳಲ್ಲ. ಸೈನ್ಯದಲ್ಲಿ ನನ್ನ ಹೆಗಲ ಮೇಲಿದ್ದ ಕೋವಿ ಇವಳ ಅಕ್ಕ. ಅಕ್ಕ ಒಂದು ಸಲ ಟ್ರಿಗರ್ ಎಳೆದ್ರೆ ಮೂರು ಗುಂಡು ಉಗುಳ್ತಿದ್ಲು, ತಂಗಿ ಒಂದೇ. ಮಿಕ್ಕಿದ್ದೆಲ್ಲ ಅದೇ ಮುಖ, ಅದೇ ಮೈಕಟ್ಟು. ಒಂಟಿ ಹೆಂಗಸು ನಾನು, ಕರೆದ್ರೆ ಪೊಲೀಸರು ಬರೋಷ್ಟರಲ್ಲಿ ನನ್ನ ತಿಥಿ ಆಗಿರುತ್ತೆ. ಅದಕ್ಕೇ ಇಟ್ಕೊಂಡಿದೀನಿ."

ಮಾರನೆಯ ದಿನದ ಪತ್ರಿಕೆಯಲ್ಲಿ ಅಕ್ಕತಂಗಿಯರ ಮಾತು ಮಾತ್ರ ದಪ್ಪಕ್ಷರದಲ್ಲಿ ಬಂತು. ಕೊಡಲ್ಲ ಅಂದದ್ದು ಎಲ್ಲೋ ಕೆಳಗೆ ಸೇರಿಹೋಗಿತ್ತು. ನಿಷೇಧದ ಕಡೆಯವರು ಫೋನ್ ಮಾಡಿ, ನಮ್ಮ ವೇದಿಕೆಗೆ ಬನ್ನಿ ಎಂದು ಕರೆದರು. "ನನ್ನ ಕೋವಿ ಇವತ್ತಿನವರೆಗೆ ಯಾರ ಮೇಲೂ ದಾಳಿ ಮಾಡಿಲ್ಲ ಕಣಮ್ಮ, ನೀವಿಟ್ಟ 'ದಾಳಿ ರೈಫಲ್' ಅನ್ನೋ ಹೆಸರೂ ನನಗೆ ಬೇಡ" ಎಂದು ಫೋನ್ ಇಟ್ಟಳು. ಸಂಘದವರು ಫೋನನ್ನೇ ಮಾಡಲಿಲ್ಲ. ಕ್ಯಾಲ್ವಿನ್ ಮಾತ್ರ ಹೇಳಿ ಕಳಿಸಿದ: ಬೇಟೆಯ ಮೊದಲ ದಿನದೊಳಗೆ, ಬಾಯಿ ತಪ್ಪಿ ಅಂದೆ ಅಂತ ಪತ್ರಿಕೆಯವನಿಗೆ ಹೇಳು, ಇಲ್ಲದಿದ್ದರೆ ಎಮಿಲ್‌ನ ಮಂಚ ಬೇರೆಯವರಿಗೆ.

ಎಮಿಲ್ ಅವಳ ಅಪ್ಪ, ಈಗಿಲ್ಲ. ಆ ಮಂಚದ ಹಲಗೆಯಲ್ಲಿ ಅವನು ಚಾಕುವಿನಿಂದ ಕೆತ್ತಿದ ಹೆಸರಿದೆ. ಗುಡ್ಡದ ಮೇಲೆ ಅವಳಿಗೆ ಅಪ್ಪ ಉಳಿದಿರುವುದು ಅಲ್ಲಿಯೇ. ಅದು ಹೋಗುತ್ತದೆಂದು ಗೊತ್ತಿದ್ದೂ ಅವಳು ಪತ್ರಿಕೆಯವನಿಗೆ ಫೋನ್ ಮಾಡಿರಲಿಲ್ಲ.

ಚೀಲವನ್ನು ಅಲ್ಲೇ ಬಿಟ್ಟು ಬಾಗಿಲು ತಳ್ಳಿದಳು. ಒಲೆಯ ಮೇಲೆ ಎಲೆಕೋಸು ಬೆಣ್ಣೆಯಲ್ಲಿ ಬಾಡುತ್ತಿತ್ತು. ಕಿತ್ತಳೆ ಬಣ್ಣದ ಜಾಕೀಟು ತೊಟ್ಟ ಗಂಡಸರೆಲ್ಲ ಒಮ್ಮೆಲೇ ತಮ್ಮ ತಮ್ಮ ಬೂಟು ನೋಡಿಕೊಳ್ಳತೊಡಗಿದರು. ಅಡುಗೆಯ ಮುದುಕ ಮೈಲೊ ಟ್ರೆಸ್ಕಾ ಒಬ್ಬನೇ ತಲೆಯೆತ್ತಿದ.

"ನಿನ್ನ ಕಡೆಯಿಂದ ಈಡು ಕೇಳಿಸ್ತು ಮಗಳೇ. ಮಿಕ ಎಲ್ಲಿ?"

"ಮಿಕ ಮನೆಗೆ ಹೋಯ್ತು ಮೈಲೊ. ಗುರಿ ತಪ್ಪಿದೆ."

ಜಾಕೀಟು ಬಿಚ್ಚಿ, ಮೊಳೆಗೆ ತೂಗುಹಾಕಿದ್ದ ಕತ್ತರಿಯನ್ನು ತಾನೇ ತೆಗೆದುಕೊಂಡಳು. ಜಿಂಕೆಗೆ ಗುರಿ ತಪ್ಪಿದವರ ಅಂಗಿಯ ಹಿಂದಿನ ಅಂಚನ್ನು, ಅಂದರೆ ಬಾಲವನ್ನು, ಕತ್ತರಿಸಿ, ಹೆಸರು, ವರ್ಷ, ತಪ್ಪಿಹೋದ ಜಿಂಕೆ ಎಂಥದು ಇಷ್ಟನ್ನೂ ಅದರ ಮೇಲೆ ಬರೆದು ಗೋಡೆಗೆ ಹೊಡೆಯುವುದು ಆ ಮನೆಯ ಕಟ್ಟಳೆ. ಗೋಡೆಯ ತುಂಬ ಬಣ್ಣ ಮಾಸಿದ ಬಾಲಗಳು. ಎಮಿಲ್‌ನವೂ ಇದ್ದವು. ಕಟ್ಟಳೆಯ ಪ್ರಕಾರ ಬೇರೆಯವರು ಕತ್ತರಿಸಬೇಕು. ಯಾರೂ ಏಳದ್ದರಿಂದ ಡೋರೀನ್ ಅಂಗಿಯನ್ನು ಮುಂದಕ್ಕೆ ಎಳೆದುಕೊಂಡು ತಾನೇ ಕತ್ತರಿಸಿದಳು.

"ಬಾಲ ಬೇಡ, ಮಾತು ಬೇಕು" ಅಂದ ಕ್ಯಾಲ್ವಿನ್. "ಪತ್ರಿಕೆಯವನಿಗೆ ಹೇಳ್ತೀಯೋ ಇಲ್ವೋ?"

"ಇಲ್ಲ."

"ಅದು ಕ್ರೀಡಾ ರೈಫಲ್ಲೇ ಕಣೇ! ನಾವು ಅದರಲ್ಲಿ ಗುರಿ ಹೊಡೆಯಲ್ವಾ? ನರಿ ಹೊಡೆಯಲ್ವಾ?"

"ಜಿಂಕೆ ಬೇಟೆಗೆ ಅದನ್ನ ಎತ್ತೋ ಹಾಗೇ ಇಲ್ಲ ನಮ್ಮ ರಾಜ್ಯದಲ್ಲಿ. ಇವತ್ತು ನಾವೆಲ್ಲ ಅಪ್ಪಂದಿರ ಹಳೇ ಕೋವಿ ಹೊತ್ಕೊಂಡು ಬಂದಿದೀವಲ್ಲ, ಯಾಕೆ? ಹಕ್ಕು ಅಂದ್ರೆ ಹಕ್ಕು ಕ್ಯಾಲ್. ಅದಕ್ಕೆ ಸೀರೆ ಉಡಿಸಿ, ಹೂ ಮುಡಿಸಿ ಕರ್ಕೊಂಡು ಹೋಗಬೇಕಾ? ನಾಚಿಕೆ ಪಟ್ಟವರ ಕೈಯಿಂದ ಕಿತ್ಕೊಳ್ಳೋದು ಸುಲಭ. ನಾನು ನಾಚ್ಕೊಳ್ಳಲ್ಲ."

"ನಿನ್ನ ಪ್ರಾಮಾಣಿಕತೆಗೆ ನಮ್ಮೆಲ್ಲರ ಕೋವಿ ಹೋಗುತ್ತೆ!"

ಮಾತು ಸುಳ್ಳಲ್ಲ, ಹೋದರೂ ಹೋಗಬಹುದು. ಅದು ಡೋರೀನಳಿಗೂ ಗೊತ್ತಿತ್ತು. ಅವಳು ಬಾಲದ ತುಂಡನ್ನು ಮೈಲೊನ ಮುಂದೆ ಹಾಸಿದಳು. "ಬರಿ ಮೈಲೊ. ಎಂಟು ಕವಲಿನ ಕೊಂಬಿನ ಗಂಡು ಜಿಂಕೆ." ಆಮೇಲೆ ಕತ್ತರಿ ಹಿಡಿದು ಕ್ಯಾಲ್ವಿನ್ ಕಡೆ ತಿರುಗಿದಳು. "ಈಗ ನೀನು."

"ನಾನ್ಯಾಕೆ? ನಾನು ಗುಂಡು ಹಾರಿಸಿದ್ದು ನರಿಗೆ, ಅದಕ್ಕೆ ಬಾಲ ಕತ್ತರಿಸಲ್ಲ. ಆಗಲೇ ಹೇಳಿದೀನಿ ಎಲ್ಲರಿಗೂ."

"ಹೌದಾ? ನಿನ್ನ ಈಡು ಕೇಳಿಸಿದ ತಕ್ಷಣ ನಿನ್ನ ಕಣಿವೆಯಿಂದ ನನ್ನ ಕಡೆಗೇ ಓಡಿ ಬಂತಪ್ಪ ಆ ನರಿ. ತಲೆ ಮೇಲೆ ಎಂಟು ಕವಲಿನ ಕೊಂಬು ಹೊತ್ಕೊಂಡು."

ಮೈಲೊ ಹೊಟ್ಟೆ ಹಿಡಿದುಕೊಂಡು ನಕ್ಕ. ಅದರ ಹಿಂದೆಯೇ ಇಡೀ ಮನೆ ಬಿದ್ದು ಬಿದ್ದು ನಕ್ಕಿತು.

"ಅಂಥ ನರಿ ಸಿಕ್ರೆ ನನಗೂ ಒಂದು ಹೇಳ್ರಪ್ಪ, ಸಾಯೋದ್ರೊಳಗೆ ನೋಡ್ಬೇಕು!" ಅಂದ ಮೈಲೊ.

ಕ್ಯಾಲ್ವಿನ್‌ನ ಕಿವಿ ಕೆಂಪಾದವು. ಡೋರೀನ್ ನಗಲಿಲ್ಲ.

"ಈ ಗೋಡೆ ಮೇಲೆ ನನ್ನಪ್ಪ ಇದಾನೆ, ನಿನ್ನಪ್ಪನೂ ಇದಾನೆ. ಒಬ್ಬರೂ ಜಿಂಕೇನ ನರಿ ಅನ್ನಲಿಲ್ಲ. ನನ್ನನ್ನ ಓಡಿಸ್ತೀಯಾ, ಓಡಿಸು. ಬಾಲ ಮಾತ್ರ ಕೊಟ್ಟು ಓಡಿಸು."

ಕ್ಯಾಲ್ವಿನ್ ಗೊಣಗುತ್ತಾ ಬೆನ್ನು ತಿರುಗಿಸಿದ. ಡೋರೀನ್ ದಯೆ ತೋರದೆ ಸೊಂಟದವರೆಗೂ ಕತ್ತರಿಸಿದಳು. ಮೈಲೊ ಅದರ ಮೇಲೂ ಅದೇ ಜಿಂಕೆಯನ್ನು ಬರೆದು ಮೊಳೆ ಹೊಡೆದ.

"ಪತ್ರಿಕೆಯವನು ಮತ್ತೆ ಕೇಳಿದ್ರೆ?" ಅಂದ ಕ್ಯಾಲ್ವಿನ್, ಗೋಡೆ ನೋಡುತ್ತಲೇ.

"ಕೊಡಲ್ಲ ಅಂತೀನಿ. ಅದು ಯಾರ ತಂಗಿ ಅಂತಾನೂ ಅಂತೀನಿ."

"ಹಟಮಾರಿ ಮುಂಡೇದು" ಎಂದು ಬೈದುಕೊಂಡು, ಹಿಂದೆ ಬನಿಯನ್ ಕಾಣಿಸುತ್ತಿದ್ದ ಅಂಗಿಯಲ್ಲೇ ಅವನು ಹೊರಗೆ ಹೋದ. ಮರಳಿ ಬಂದಾಗ ಕೈಯಲ್ಲಿ ಅವಳ ಚೀಲವಿತ್ತು. ಅದನ್ನು ಎಮಿಲ್‌ನ ಮಂಚದ ಮೇಲೆ ದೊಪ್ಪೆಂದು ಎಸೆದ.

"ಹಿಮ ಬೀಳ್ತಿದೆ ಹೊರಗೆ. ನೆನೀತಿತ್ತು" ಅಂದ.

ಡೋರೀನ್ ಕಿಟಕಿಯಿಂದ ನೋಡಿದಳು. ಗುಡ್ಡದ ಮೇಲೆ ಮೋಡದ ತುಣುಕೂ ಇಲ್ಲದೆ ಬಿಸಿಲು ಹೊಳೆಯುತ್ತಿತ್ತು. ಆ ಒಂದು ಸುಳ್ಳನ್ನು ಅವಳು ಅವನಿಗೇ ಬಿಟ್ಟು, ಊಟದ ತಟ್ಟೆ ತೆಗೆದುಕೊಂಡಳು.