ನೀರು ನಿಲ್ಲುವವರೆಗೆ

"ಏನೇ, ಇವತ್ತೂ ಯಾರ ಮನೇಲೂ ನಲ್ಲಿ ಸೋರ್ತಾ ಇಲ್ವಾ?" ಎಂದು ಫೋನಕ್ಕ ಹೊರಕೋಣೆಯಿಂದ ಕೂಗಿದರು.

ಅಡುಗೆಮನೆಯಲ್ಲಿ ಅವರ ತಮ್ಮನ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ಅಷ್ಟರಲ್ಲೇ ಅವಳ ಜೇಬಿನಲ್ಲಿದ್ದ ಮೊಬೈಲು ಒಮ್ಮೆ ನಡುಗಿ ಸುಮ್ಮನಾಯಿತು. ಯಾರದೋ ಮನೆಯಲ್ಲಿ ನೀರು ಸೋರುತ್ತಿತ್ತು. ಫೋನಿಗೆ ತಾನೇ ಉತ್ತರ ಕೊಡುವ ಯಂತ್ರ ಆ ಕರೆಯನ್ನು ಎತ್ತಿಕೊಂಡು, ನಯವಾಗಿ ಮಾತಾಡಿಸಿ, ಪ್ಲಂಬರ್ ಬರುವ ಹೊತ್ತು ಗೊತ್ತುಮಾಡಿ, ಇವಳಿಗೆ ಸುದ್ದಿ ಕಳಿಸಿತ್ತು. ಅವಳು ನಲ್ಲಿಯನ್ನು ಇನ್ನೂ ಜೋರಾಗಿ ಬಿಟ್ಟಳು. ಕದ್ದ ವಸ್ತು ಜೇಬಿನಲ್ಲಿ ಸದ್ದು ಮಾಡಿದಂತಾಗಿತ್ತು.

"ನೀರೇ ಕಮ್ಮಿಯಂತೆ ಅತ್ತಿಗೆ ಎಲ್ಲ ಕಡೆ."

"ನೀರು ಕಮ್ಮಿಯಾದ್ರೆ ನಲ್ಲಿಗೆ ಬುದ್ಧಿ ಬರುತ್ತೇನೇ?" ಫೋನಕ್ಕ ನಕ್ಕರು. ಆ ನಗು ಅರ್ಧಕ್ಕೇ ನಿಂತಿತು. ರಿಸೀವರ್ ಎತ್ತಿ, ಕಿವಿಗಿಟ್ಟು, ಲೈನು ಇದೆಯೇ ಎಂದು ನೋಡಿ ಮತ್ತೆ ಇಟ್ಟ ಸಪ್ಪಳ ಅಡುಗೆಮನೆಗೂ ಕೇಳಿಸಿತು. ಬೆಳಗಿನಿಂದ ಎಷ್ಟನೆಯ ಸಲವೋ.

ಫೋನಕ್ಕ ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವರು. ತಮ್ಮ ಆಗಷ್ಟೇ ಒಂದು ಪಾನಾ, ಒಂದು ಹಳೇ ಸೈಕಲ್ಲು ಇಟ್ಟುಕೊಂಡು ಪ್ಲಂಬಿಂಗ್ ಕೆಲಸ ಶುರು ಮಾಡಿದ್ದ. "ಕೂತು ತಿಂದ್ರೆ ನನಗೆ ಗಂಟಲಲ್ಲಿ ಇಳಿಯಲ್ಲಪ್ಪ, ಫೋನಾದ್ರೂ ಎತ್ತುತೀನಿ" ಎಂದು ಕೂತವರು ಆ ಕುರ್ಚಿಯಲ್ಲೇ ಕೂದಲು ನರೆಸಿಕೊಂಡರು. ಅವರ ನಿಜವಾದ ಹೆಸರು ಗಿರಾಕಿಗಳಿಗೆ ಗೊತ್ತೇ ಇರಲಿಲ್ಲ.

ಅವರದೊಂದು ಕ್ರಮವಿತ್ತು. ಕರೆ ಬಂದರೆ ಮೊದಲು ವಿಳಾಸ ಕೇಳುತ್ತಿರಲಿಲ್ಲ. "ಮೊದ್ಲು ನೀರು ನಿಲ್ಸೋಣ, ಮಿಕ್ಕಿದ್ದು ಆಮೇಲೆ" ಎಂದು ಸಿಂಕಿನ ಕೆಳಗೆ ಕೈ ಹಾಕಿಸಿ, ವಾಲ್ವ್ ಹುಡುಕಿಸಿ, ತಿರುಗಿಸುವವರು ಹೆದರಿದರೆ ಗದರಿಸಿ, ಅತ್ತರೆ ರಮಿಸಿ, ಆ ಕಡೆ ನೀರಿನ ಸದ್ದು ನಿಂತದ್ದು ತಮ್ಮ ಕಿವಿಗೇ ಕೇಳುವವರೆಗೆ ಫೋನ್ ಇಡುತ್ತಿರಲಿಲ್ಲ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿದುಹೋಗುತ್ತಿತ್ತು. "ವಾಷರ್ ಸವೆದಿದೆ ಅಷ್ಟೇ, ಅಂಗಡೀಲಿ ತಂದು ಹಾಕ್ಕೊಳ್ಳಿ. ಇದಕ್ಕೆಲ್ಲ ನಮ್ಮೋನು ಯಾಕೆ ಬರಬೇಕು?" ಎಂದುಬಿಡುತ್ತಿದ್ದರು.

ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ತಮ್ಮನ ಹೆಂಡತಿಗೆ ಇದನ್ನು ಕೇಳಿದಾಗಲೆಲ್ಲ ಕೈತಪ್ಪಿದ ಕೂಲಿಯ ಲೆಕ್ಕ ಕಣ್ಣೆದುರು ಬರುತ್ತಿತ್ತು. ಒಮ್ಮೆ ಪೇಟೆಯಿಂದ ಮನೆಗೆ ಫೋನು ಹಚ್ಚಿದರೆ ಎಂಗೇಜ್. ಮತ್ತೆ ಹಚ್ಚಿದರೂ ಎಂಗೇಜ್. ಮನೆಗೆ ಬಂದರೆ ಅತ್ತಿಗೆ ಯಾರಿಗೋ ಗೀಜರಿನ ಕೆಂಪು ದೀಪದ ವಿಷಯ ವಿವರಿಸುತ್ತಿದ್ದರು. ಈ ಹೊತ್ತಿನಲ್ಲಿ ಎಷ್ಟು ಜನ ಬೇಸತ್ತು ಬೇರೆ ಪ್ಲಂಬರನ್ನು ಕರೆದರೋ ಎಂದು ಅವಳು ನಿಂತಲ್ಲೇ ಕುದ್ದಿದ್ದಳು.

ಫೋನಕ್ಕನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಮೊದಲ ಕಣ್ಣಿನ ಆಪರೇಷನ್ನಿಗೆಂದು ಅವರು ಆಸ್ಪತ್ರೆಗೆ ಹೋದಾಗ ಅವಳು ಯಂತ್ರವನ್ನು ತರಿಸಿದಳು. ತರಿಸುವುದೇನು, ಮನೆಗೆ ಯಾವ ಪೆಟ್ಟಿಗೆಯೂ ಬರಲಿಲ್ಲ. ಮನೆಯ ನಂಬರಿಗೆ ಬರುವ ಕರೆಗಳೆಲ್ಲ ಬೇರೆಲ್ಲೋ ಹೋಗುವಂತಾಯಿತು, ಅಷ್ಟೆ. "ಅತ್ತಿಗೆ ಹುಷಾರಾಗೋವರೆಗೆ" ಎಂದು ಗಂಡನಿಗೆ ಹೇಳಿದ್ದಳು. ಆದರೆ ಯಂತ್ರಕ್ಕೆ ಎಂಗೇಜ್ ಎಂಬುದೇ ಇರಲಿಲ್ಲ. ಒಂದೇ ಹೊತ್ತಿಗೆ ನಾಲ್ಕು ಮನೆಯವರು ಕರೆದರೂ ನಾಲ್ವರಿಗೂ "ನಮಸ್ಕಾರ" ಎನ್ನುತ್ತಿತ್ತು. ಗಂಡ ಬೆಳಿಗ್ಗೆ ವ್ಯಾನು ಹತ್ತಿದರೆ ಸಂಜೆಯೇ ಇಳಿಯುತ್ತಿದ್ದ. ಅವನು ಸಾಲದೆಂದು ಇನ್ನೊಬ್ಬ ಕೆಲಸಗಾರ ಬಂದ; ಅವನು ತನ್ನ ಮನೆಯಿಂದಲೇ ನೇರ ಗಿರಾಕಿಗಳ ಮನೆಗೆ ಹೋಗುತ್ತಿದ್ದ. ಯಂತ್ರ ಯಾರ ನೀರನ್ನೂ ನಿಲ್ಲಿಸುತ್ತಿರಲಿಲ್ಲ. ಲಾಭವಿದ್ದದ್ದು ಅದರಲ್ಲೇ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕಣ್ಣಿನ ಪಟ್ಟಿ ಬಿಚ್ಚಿದ ಮಾರನೆಯ ದಿನವೇ ಫೋನಕ್ಕ ತಲೆ ಬಾಚಿಕೊಂಡು, ಮೇಜು ಒರೆಸಿ, ಪೆನ್ಸಿಲ್ ಚೂಪುಮಾಡಿ ಕೂತರು. ಆಗಲೇ ಹೇಳಬೇಕಿತ್ತು. ಅವಳು ನಾಳೆ ಎಂದುಕೊಂಡಳು. ಹೀಗೆ ನಾಳೆ ನಾಳೆ ಎನ್ನುತ್ತ ಒಂದು ವಾರ ಕಳೆಯಿತು.

"ನೀವೇ ಹೇಳಿ, ನಿಮ್ಮಕ್ಕ ತಾನೆ?" ಎಂದು ಅವಳು ಗಂಡನನ್ನು ತಿವಿದಿದ್ದಳು.

"ತರ್ಸಿದ್ದು ನೀನು, ಹೇಳ್ಬೇಕಾದ್ದು ನಾನಾ? ನನ್ನ ಎತ್ತಿ ಆಡ್ಸಿದೋಳು ಕಣೇ ಅವಳು," ಎಂದು ಅವನು ಸಂಜೆಯ ಚಹಾ ಕುಡಿದು ಮುಗಿಸುವ ಮೊದಲೇ ವ್ಯಾನಿನ ಟೈರು ನೋಡುವ ನೆಪದಲ್ಲಿ ಹೊರಗೆ ಹೋಗಿದ್ದ.

ನಿನ್ನೆ ಆಸ್ಪತ್ರೆಗೆ ತೋರಿಸಲು ಹೋದಾಗ ಅವಳಿಗೆ ನಿಜವಾದ ಪೆಟ್ಟು ಬಿತ್ತು. ಇನ್ನೊಂದು ಕಣ್ಣಿಗೆ ದಿನ ಗೊತ್ತುಮಾಡೋಣ, ತಡ ಮಾಡಿದರೆ ಕಷ್ಟ ಎಂದು ಡಾಕ್ಟರು ಹೇಳುತ್ತಿದ್ದಂತೆ ಫೋನಕ್ಕ, "ಈಗ ಬೇಡ ಸಾರ್, ನಮ್ಮ ಮನೇಲಿ ದುಡ್ಡಿಗೆ ಸ್ವಲ್ಪ ಬಿಗಿ" ಎಂದುಬಿಟ್ಟಿದ್ದರು. ಮೆಟ್ಟಿಲು ಇಳಿಯುತ್ತ ಅವಳ ಕೈ ಹಿಡಿದುಕೊಂಡು ತಗ್ಗಿದ ದನಿಯಲ್ಲಿ ಹೇಳಿದ್ದರು: "ಫೋನೇ ಬರ್ತಿಲ್ಲ. ಅವನು ದಿನವಿಡೀ ಕೆಲಸ ಹುಡ್ಕಿ ಅಲೀತಿರ್ಬೇಕು. ನಾನು ಹಾಸಿಗೆ ಹಿಡಿದು ಅವನ ಅನ್ನ ಕಿತ್ಕೊಂಡೆ ಕಣೇ. ಒಂದು ಕಣ್ಣು ಕಾಣುತ್ತಲ್ಲ, ಸಾಕು ಬಿಡು."

"ಮೆಟ್ಟಿಲು ನೋಡಿ ಇಳಿಯಿರಿ ಅತ್ತಿಗೆ," ಎಂದಷ್ಟೇ ಅವಳು ಹೇಳಿದ್ದಳು.

ಪಾತ್ರೆ ಮುಗಿಸಿ, ಕೈ ಒರೆಸಿಕೊಂಡು ಅವಳು ಮೊಬೈಲು ತೆಗೆದಳು. ಯಂತ್ರ ಮಾತುಕತೆಯನ್ನೆಲ್ಲ ಬರೆದು ಕಳಿಸುತ್ತಿತ್ತು. ಕರೆದವಳು ಎರಡು ಬೀದಿಯಾಚೆಯ ಹೊಲಿಗೆಯವಳು.

"ಫೋನಕ್ಕಾ, ವಾಷಿಂಗ್ ಮಷೀನ್ ಹಿಂದಿನ ಪೈಪು ಕಿತ್ಕೊಂಡುಬಿಟ್ಟಿದೆ. ನೀರು ನುಗ್ತಾ ಇದೆ."

"ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ನಾಳೆ ಬೆಳಿಗ್ಗೆ ನಮ್ಮವರು ಬರಬಹುದೇ?"

"ಅಯ್ಯೋ, ನಾಳೆ ಅಲ್ಲಮ್ಮ, ಈಗ! ಕೆಳಗೆಲ್ಲ ಕತ್ತರಿಸಿದ ಬಟ್ಟೆ ಹರಡ್ಕೊಂಡಿದೀನಿ, ಜನರ ಬಟ್ಟೆ. ಫೋನಕ್ಕನಿಗೆ ಕೊಡಿ. ಅವ್ರು ಹೇಳ್ತಾರೆ."

"ನಾಳೆ ಬೆಳಿಗ್ಗೆಗೆ ಗೊತ್ತುಮಾಡಿದ್ದೇನೆ. ಕರೆ ಮಾಡಿದ್ದಕ್ಕೆ ಧನ್ಯವಾದ."

ಅವಳು ಕೂಡಲೇ ಗಂಡನಿಗೆ ಹಚ್ಚಿದಳು, ಅವನೆಲ್ಲೋ ಟ್ಯಾಂಕಿನೊಳಗೆ ಇಳಿದಿದ್ದಿರಬೇಕು, ಎತ್ತಲಿಲ್ಲ. ಆ ವಾಲ್ವ್ ಎಲ್ಲಿರುತ್ತದೆ, ಎಡಕ್ಕೋ ಬಲಕ್ಕೋ ಎಂದು ಅವಳಿಗೆ ತಿಳಿಯದು. ಇಷ್ಟು ವರ್ಷ ಪ್ಲಂಬರನ ಹೆಂಡತಿಯಾಗಿದ್ದೂ ತಿಳಿಯದು. ತಿಳಿದವರು ಗೋಡೆಯಾಚೆ ಸುಮ್ಮನಿದ್ದ ಫೋನಿನ ಮುಂದೆ ಕೂತಿದ್ದರು.

ಹೊಲಿಗೆಯವಳ ನಂಬರ್ ಒತ್ತುತ್ತ ಅವಳು ಹೊರಕೋಣೆಗೆ ಬಂದಳು. ಆ ಕಡೆ ಎತ್ತಿದ್ದೇ ತಡ, ಮೊಬೈಲನ್ನು ಅತ್ತಿಗೆಯ ಕಿವಿಗೆ ಹಿಡಿದಳು.

ಫೋನಕ್ಕ ಒಮ್ಮೆ ಅವಳ ಮುಖ ನೋಡಿದರು. ಆಮೇಲೆ ಆ ಕಡೆಯ ಗಾಬರಿಗೆ ಕಿವಿಗೊಟ್ಟು ನೆಟ್ಟಗೆ ಕೂತರು. "ನೀನಾ? ಅಳಬೇಡ ಮೊದ್ಲು, ಇರೋ ನೀರು ಸಾಲದಾ? ಮಷೀನಿನ ಸ್ವಿಚ್ ಹತ್ರ ಹೋಗ್ಬೇಡ. ಬಚ್ಚಲಿನ ಬಾಗಿಲ ಹಿಂದೆ ನೋಡು, ಮೊಣಕಾಲೆತ್ತರಕ್ಕೆ ಒಂದು ಚಕ್ರ ಇರುತ್ತೆ. ಇದೆಯಾ? ಬಲಕ್ಕೆ. ನಿನ್ನ ಸೂಜಿ ಹಿಡಿಯೋ ಕೈಯಿಂದ. ಗಟ್ಟಿ ಇದ್ರೆ ಒದ್ದೆ ಬಟ್ಟೆ ಸುತ್ತಿ ತಿರುಗ್ಸು. ಇನ್ನೂ... ಇನ್ನೂ..." ಕಣ್ಣು ಮುಚ್ಚಿಕೊಂಡರು. ಮೊಬೈಲನ್ನು ತಾವೇ ಹಿಡಿದು, ಆ ಕಡೆಯ ನೀರಿನ ಸದ್ದನ್ನು ಆಲಿಸಿದರು. "ಹಾಂ. ನಿಂತಿತು ನೋಡು. ಈಗ ಬಟ್ಟೆ ಎತ್ಕೋ. ಅವನು ಸಂಜೆ ಬರ್ತಾನೆ, ನಾನು ಕಳಿಸ್ತೀನಿ."

ಮೊಬೈಲನ್ನು ಮೇಜಿನ ಮೇಲೆ, ತಮ್ಮ ಫೋನಿನ ಪಕ್ಕದಲ್ಲಿಟ್ಟರು. "ಇವಳು ನಿನಗ್ಯಾಕೆ ಫೋನ್ ಮಾಡಿದ್ಲು?"

"ಮಾಡಿದ್ದು ಈ ನಂಬರಿಗೇ ಅತ್ತಿಗೆ." ಅವಳು ನೆಲ ನೋಡುತ್ತ ಎಲ್ಲವನ್ನೂ ಹೇಳಿದಳು. ಎಲ್ಲಿಯೂ ಗಂಡನ ಹೆಸರು ತರಲಿಲ್ಲ. "ನಿಮ್ಮನ್ನ ಸುಮ್ಮನೆ ಕೂರಿಸಿದ್ದೆ," ಎಂದು ಮುಗಿಸಿದಳು.

"ಹಾಗಾದ್ರೆ ಜನ ಕರೀತಿದ್ದಾರಾ?"

"ಹೂಂ."

"ಕೆಲಸ ಇದೆಯಾ ಅವನಿಗೆ?"

"ಇದೆ. ಮೊದ್ಲಿಗಿಂತ ಜಾಸ್ತಿ ಇದೆ."

ಅವಳು ಬೈಗುಳಕ್ಕೆ ಬೆನ್ನು ಒಡ್ಡಿ ನಿಂತಿದ್ದಳು. ಫೋನಕ್ಕ ಎರಡೂ ಕೈಯಿಂದ ಮುಖ ಒರೆಸಿಕೊಂಡು, "ಅಬ್ಬ," ಎಂದರು. "ಅಬ್ಬ, ಸದ್ಯ! ಹೋಗಿಬಿಡ್ತು ಅಂದ್ಕೊಂಡಿದ್ದೆ." ಅವರ ಹೆಗಲು ಕೆಳಗಿಳಿದದ್ದು ಅವಳಿಗೆ ಕಾಣಿಸಿತು. ಒಂದು ವಾರದಿಂದ ಆ ಹೆಗಲು ಮೇಲಕ್ಕೆ ಬಿಗಿದುಕೊಂಡೇ ಇತ್ತು. ಅವಳು ದಿನವೂ ನೋಡಿದ್ದಳು.

"ಬೈದುಬಿಡಿ ಅತ್ತಿಗೆ."

"ಬೈತೀನಿ, ಅವಸರ ಏನು? ಇನ್ನೊಂದು ಕಣ್ಣೂ ಆಗಲಿ, ನಿನ್ನ ಮುಖ ಪೂರ್ತಿ ನೋಡ್ಕೊಂಡು ಬೈತೀನಿ." ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು. "ಆಸ್ಪತ್ರೆ ನಂಬರ್ ಹೇಳು." ಗುಂಡಿ ಒತ್ತುತ್ತ ಮತ್ತೆ ಕೇಳಿದರು, "ಅವಳ ಹೆಸರೇನು?"

"ಯಾರದು?"

"ನನ್ನ ಕೆಲಸಕ್ಕೆ ಬಂದಿರೋಳದು."

"ಹೆಸರಿಲ್ಲ ಅತ್ತಿಗೆ."

"ಅಯ್ಯೋ ಪಾಪ," ಎಂದರು ಫೋನಕ್ಕ. ಅಷ್ಟರಲ್ಲಿ ಆ ಕಡೆ ಎತ್ತಿದರು. ಫೋನಕ್ಕನ ಮುಖ ಅರಳಿತು. "ನಮಸ್ಕಾರಮ್ಮ, ನಾನು..." ಎಂದು ಶುರುಮಾಡಿ, ಮಾತು ನಿಲ್ಲಿಸಿ ಆಲಿಸಿದರು. ತಮ್ಮನ ಹೆಂಡತಿಗೂ ಆ ಕಡೆಯ ಯಂತ್ರದ ದನಿ ಕೇಳಿಸುತ್ತಿತ್ತು. ಆಸ್ಪತ್ರೆಯ ವೇಳೆ, ವಿಭಾಗಗಳು, ಯಾವುದಕ್ಕೆ ಯಾವ ಅಂಕೆ ಒತ್ತಬೇಕು ಎಂದು ಒಂದೇ ಸಮನೆ ಹೇಳುತ್ತಿತ್ತು. ಕಣ್ಣಿನ ವಿಭಾಗದ ಅಂಕೆ ಬಂದು ಹೋಯಿತು. ಈಗಲೇ ಒತ್ತಬಹುದೆಂದು ಅವಳು ಕೈ ಚಾಚಿದಳು.

ಫೋನಕ್ಕ ಬೆರಳೆತ್ತಿ ತಡೆದರು. ಫೋನಿನ ಸುರುಳಿ ವೈರನ್ನು ಎಂದಿನಂತೆ ಕಿರುಬೆರಳಿಗೆ ಸುತ್ತಿಕೊಂಡು, ತಲೆಯನ್ನು ತುಸು ವಾಲಿಸಿ, ಆ ಕಡೆಯವಳು ತನ್ನ ಮಾತನ್ನೆಲ್ಲ ಹೇಳಿ ಮುಗಿಸುವವರೆಗೆ ಕಾಯುತ್ತ ಕೂತರು.