ಮೋರಿಯಾಚೆಯ ಚೆಂಡು

ಚೆಂಡು ಎಡಗಡೆ ಮೆಲ್ಲಗೆ ಇಳಿಯಿತು. ಬಲೆಯ ಬಳಿ ನಿಂತಿದ್ದ ಗುಬ್ಬಿ ಅದನ್ನು ನೋಡಿದಳು. ಹಿಂದೆ ನಿಂತಿದ್ದ ಅವಳ ಚಿಕ್ಕಮ್ಮನೂ ನೋಡಿದಳು. ಇಬ್ಬರೂ ಕದಲಲಿಲ್ಲ. ಗೆರೆಯಿಂದ ಒಂದು ಗೇಣು ಒಳಗೆ ಬಿದ್ದ ಚೆಂಡು ಯಾರ ಹಂಗೂ ಇಲ್ಲದ ಹಾಗೆ ಪುಟಿಯುತ್ತ ಹಿಂದಿನ ತಡೆಗೋಡೆಯತ್ತ ಹೋಯಿತು. ಅಂಪೈರ್ ಎದುರಿನ ಜೋಡಿಗೆ ಅಂಕ ಕೊಟ್ಟರು.

ಚಿಕ್ಕಮ್ಮ ಹತ್ತಿರ ಬಂದು, ಬಾಯಿಗೆ ರಾಕೆಟ್ ಅಡ್ಡ ಹಿಡಿದು ಪಿಸುಗುಟ್ಟಿದಳು. "ಅಜ್ಜಿದು ಅನ್ಕೊಂಡ್ಬಿಟ್ಟೆ ಕಣೇ."

"ನಾನೂ," ಎಂದಳು ಗುಬ್ಬಿ.

ಇಬ್ಬರೂ ಆಟ ಕಲಿತದ್ದು ಅಜ್ಜಿಯ ಲಾಂಡ್ರಿಯ ಹಿತ್ತಲಲ್ಲಿ. ಎದುರಿಗೆ ಗೋಡೆ, ಎಡಕ್ಕೆ ಸೋಪಿನ ನೊರೆಯೂ ನೀಲಿಯ ನೀರೂ ಹರಿಯುವ ಮೋರಿ, ಮೋರಿಯಾಚೆ ಹಗ್ಗಗಳ ತುಂಬ ಆಸ್ಪತ್ರೆಯ ಬಿಳಿ ಹೊದಿಕೆಗಳು. ಮಣ್ಣುಗಾಲಲ್ಲಿ ಯಾರೂ ಮೋರಿ ದಾಟಕೂಡದು ಎಂದು ಅಜ್ಜಿಯ ಕಟ್ಟಪ್ಪಣೆ. ಆಚೆ ಹಾರಿದ ಚೆಂಡು ಹೊದಿಕೆಗೆ ತಾಗಿ, ಸದ್ದೇ ಇಲ್ಲದೆ ಜಾರಿ ಬೀಳುತ್ತಿತ್ತು. ಅಜ್ಜಿ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡರೆ ಮತ್ತೆ ಕೈಗೆ ಸಿಗುತ್ತಿದ್ದುದು ಬಟ್ಟೆ ಮಡಿಸಿ ಮುಗಿದ ಮೇಲೆಯೇ. ಹಾಗಾಗಿ ಎಡಗಡೆ ಹೋದ ಚೆಂಡು ಅಜ್ಜಿಯದು, ಅದರ ಹಿಂದೆ ಓಡುವುದು ದಂಡ ಎಂದು ಇಬ್ಬರ ಕಾಲುಗಳೂ ಕಲಿತುಬಿಟ್ಟಿದ್ದವು. ಕೋಚ್ ವರ್ಷಗಟ್ಟಲೆ ತಲೆ ಚಚ್ಚಿಕೊಂಡು ಆ ಚಾಳಿ ಬಿಡಿಸಿದ್ದರು. ಆದರೆ ಮೈ ದಣಿದಾಗ ಅದು ಎಲ್ಲಿತ್ತೋ ಎಲ್ಲಿಂದಲೋ ಎದ್ದು ಬರುತ್ತಿತ್ತು. ಎದುರಿನ ಜೋಡಿಗೆ ಅದರ ವಾಸನೆ ಹತ್ತಿತ್ತು.

ಇಷ್ಟೊಂದು ದೇಶಗಳು ಸೇರಿದ ಈ ಕ್ರೀಡಾಕೂಟದಲ್ಲಿ, ಗಾಳಿ ತುಂಬಿದ ರಬ್ಬರ್ ಚೆಂಡಿನ ಸಾಫ್ಟ್ ಟೆನಿಸ್ ನೋಡಲು ಬರುವವರು ಕಡಿಮೆಯೇ. ಆದರೂ ಈ ಪಂದ್ಯ ಗೆದ್ದವರಿಗೆ ಕಂಚಾದರೂ ಖಾತ್ರಿ. ಚಿಕ್ಕಮ್ಮನಿಗೆ ಮುಂದಿನ ಕೂಟ ಎಂಬುದಿರಲಿಲ್ಲ. ಅವಳ ಭುಜ ನೋಡಿದ ಡಾಕ್ಟರು ಇದೇ ಕೊನೆ ಎಂದು ಹೇಳಿಯಾಗಿತ್ತು. ಊರಿಗೆ ಹೋದರೆ ಇಸ್ತ್ರಿ ಮೇಜು ಕಾಯುತ್ತಿತ್ತು. ಪದಕದ ಮಾತನ್ನು ಅವಳು ಒಮ್ಮೆಯೂ ಎತ್ತಿರಲಿಲ್ಲ. ಆದರೆ ಹಿಂದಿನ ರಾತ್ರಿ ಬ್ಯಾಗಿನಲ್ಲಿ ಒಂದು ಮೂಲೆ ಖಾಲಿ ಬಿಟ್ಟು ಬಟ್ಟೆ ಜೋಡಿಸಿದ್ದನ್ನು ಗುಬ್ಬಿ ನೋಡಿದ್ದಳು.

ಬದಿ ಬದಲಿಸುವಾಗ ಕೋಚ್ ನೀರಿನ ಬಾಟಲಿ ಕೊಡುತ್ತ, ಆ ಮೋರಿಯನ್ನು ಇಲ್ಲಿಯವರೆಗೂ ಹೊತ್ತು ತಂದಿದ್ದೀರಲ್ಲ ತಾಯಿ, ವಿಮಾನದವರು ಸುಮ್ಮನೆ ಹೇಗೆ ಬಿಟ್ಟರು ಎಂದು ಕೇಳಿದರು. ಚಿಕ್ಕಮ್ಮ ನಕ್ಕಳು. ಅವರು ಗುಬ್ಬಿಯ ಕಡೆ ತಿರುಗಿದರು.

"ಆ ಮೂಲೆ ಅವಳಿಗೆ ದೂರ ಆಗುತ್ತಮ್ಮ. ಅದು ನಿಂದು. ನಂದು ಅಂತ ನೀನೇ ಬಾಯಿಬಿಟ್ಟು ಹೇಳ್ಬೇಕು."

ಗುಬ್ಬಿ ತಲೆಯಾಡಿಸಿದಳು. 'ನಂದು', 'ನಿಂದು' ಎಂದು ಕೂಗುವುದು ಇಷ್ಟು ವರ್ಷವೂ ಚಿಕ್ಕಮ್ಮನ ಕೆಲಸವಾಗಿತ್ತು. ಆಟದಂಗಳಕ್ಕೆ ಇಳಿದರೆ ಗುಬ್ಬಿಯ ನಾಲಗೆ ಒಣಗಿ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ಕೊನೆಯ ಗೇಮು. ಏಳು ಮುಟ್ಟಿದರೆ ಮುಗಿಯಿತು. ಎದುರಿನವರದು ಆರು, ಇವರದು ಐದು. ಚಿಕ್ಕಮ್ಮ ಚೆಂಡನ್ನು ಅಂಗೈಯಲ್ಲಿ ಅದುಮಿ ಗಾಳಿ ನೋಡಿದಳು, ರೂಢಿಯಂತೆ ಕೆನ್ನೆಗೆ ಒತ್ತಿಕೊಂಡಳು, ಮೇಲಕ್ಕೆ ಎಸೆದಳು.

ಇಳಿಬಿಸಿಲು ಓರೆಯಾಗಿ ಬೀಳುತ್ತಿತ್ತು. ಜನರ ಗದ್ದಲ ನೀರಿನೊಳಗಿಂದ ಕೇಳಿದಂತೆ ದೂರವಾಯಿತು. ಮೆತ್ತನೆಯ ರಬ್ಬರ್ ಚೆಂಡು ರಾಕೆಟ್ಟಿಗೆ ತಾಗಿದಾಗಲೆಲ್ಲ ಯಾರೋ ಒದ್ದೆ ಬಟ್ಟೆ ಕೊಡವಿದ ಸದ್ದು. ಆಚೆ ಒಂದು ಕೊಡವು, ಈಚೆ ಒಂದು ಕೊಡವು. ಬಿಳಿ ಗೆರೆಗಳು ಹಗ್ಗದ ಹಾಗೆ ಸಣ್ಣಗೆ ತೂಗಿದವು. ಬೆನ್ನ ಹಿಂದೆ ಚಿಕ್ಕಮ್ಮನ ಉಸಿರು ಏರುತ್ತಿರುವುದು ಗುಬ್ಬಿಗೆ ಕೇಳುತ್ತಿತ್ತು.

ಆಮೇಲೆ ಚೆಂಡು ಎಡಕ್ಕೆ ಬಂತು. ಅವಸರವಿಲ್ಲದೆ, ಗಾಳಿಗೆ ಬಿಟ್ಟ ಸೋಪಿನ ಗುಳ್ಳೆಯಂತೆ ಬಂತು. ಅದರ ಕೆಳಗೆ ಗುಬ್ಬಿಗೆ ಮೋರಿ ಕಂಡಿತು. ನೀಲಿ ನೀರು, ಅದರ ಮೇಲೆ ತೇಲುವ ನೊರೆ, ಅದರಾಚೆ ಬಿಳಿ ಹೊದಿಕೆಗಳು.

"ನಂದು."

ಅಷ್ಟು ದೊಡ್ಡ ದನಿ ತನ್ನದೇ ಎಂದು ಅವಳಿಗೆ ತಿಳಿಯುವ ಮೊದಲೇ ಕಾಲು ಜಿಗಿದಿತ್ತು. ಗೀರೂ ಇಲ್ಲದ ಸಪಾಟು ನೆಲದ ಮೇಲೆ, ಎರಡೂ ಕಾಲು ಮಡಚಿ, ಏನನ್ನೋ ದಾಟುವವಳಂತೆ ಅವಳು ಹಾರಿದಳು. ಕುರ್ಚಿಗಳ ಸಾಲಿನಲ್ಲಿ ಯಾರೋ ನಕ್ಕರು. ರಾಕೆಟ್ಟಿನ ತುದಿಗೆ ಚೆಂಡು ಸಿಕ್ಕಿತು. ಬಲೆಯ ನೆತ್ತಿಗೆ ತಾಗಿ ಮೇಲೆದ್ದು, ಎತ್ತ ಹೋಗಲಿ ಎಂದು ಕೇಳುವಂತೆ ಒಂದು ಗಳಿಗೆ ನಿಂತು, ಈಚೆಗೇ ಬಿತ್ತು.

ಪಂದ್ಯ ಮುಗಿಯಿತು. ಎದುರಿನ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಗುಬ್ಬಿ ಬಿದ್ದ ಚೆಂಡನ್ನೇ ನೋಡುತ್ತ ನಿಂತಳು. ತಿರುಗಿ ಚಿಕ್ಕಮ್ಮನ ಮುಖ ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ. ಹಿಂದಿನಿಂದ ಹೆಜ್ಜೆ ಸದ್ದು ಹತ್ತಿರವಾಗಿ, ಸ್ವಲ್ಪ ದೂರದಲ್ಲೇ ನಿಂತುಹೋಯಿತು. ಇನ್ನೂ ಬರಲಿಲ್ಲವಲ್ಲ ಎಂದು ಕೊನೆಗೆ ಓರೆಗಣ್ಣಿನಲ್ಲಿ ನೋಡಿದಳು. ಅವಳು ಹಾರಿದ ಜಾಗದಲ್ಲಿ ಚಿಕ್ಕಮ್ಮ ಬಗ್ಗಿ ನೆಲ ನೋಡುತ್ತಿದ್ದಳು. ಒಂದು ಕೈಯಲ್ಲಿ ಲಂಗದ ಅಂಚು ಎತ್ತಿ ಹಿಡಿದು, ಇನ್ನೊಂದರಲ್ಲಿ ನೋಯುವ ಭುಜ ಹಿಡಿದುಕೊಂಡು, ಉದ್ದನೆಯ ಒಂದು ಹೆಜ್ಜೆ ಇಟ್ಟು ದಾಟಿ ಬಂದಳು.

"ಎಷ್ಟ್ ಜೋರಾಗಿ ಕೂಗ್ದೆ," ಎಂದಳು. "ಅಜ್ಜಿಗೂ ಕೇಳ್ಸಿರುತ್ತೆ, ಬಿಡು."

ಎದುರಿನವರು ಕೈಕುಲುಕಲು ಬಲೆಯ ನಡುವೆ ಬಂದು ಕಾಯುತ್ತಿದ್ದರು. ಚಿಕ್ಕಮ್ಮ ಗುಬ್ಬಿಯ ಬೆವರಿದ ಕೈ ಹಿಡಿದಳು. ಹೋಗುವ ದಾರಿಯಲ್ಲಿ ಆ ಜಾಗ ಬಂದಾಗ, ಮಾತಾಡಿಕೊಳ್ಳದೆಯೇ, ಇಬ್ಬರೂ ಒಟ್ಟಿಗೆ ಕಾಲೆತ್ತಿ ದಾಟಿದರು.